ಪಾಚಿಗೆ ತಕ್ಕ ಬಾಯಿ

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನೆಲಕ್ಕೆ ಸಲ್ಲುವುದೇ ಹೊರತು ಕಡಲಿಗೆ ಸಲ್ಲುವುದಿಲ್ಲ. ಕಡಲಿನ ಮೇವುಗಾರರಲ್ಲಿ ಒಂದೊಂದಕ್ಕೆ ಒಂದೊಂದು ಬಗೆಯ ಬಾಯಿ. ಒಂದೊಂದು ಬಾಯಿಗೆ ಒಂದೊಂದು ಬಗೆಯ ಮೇವು. ಮನೆಯಲ್ಲಿ ಹವಳದ ತೊಟ್ಟಿಯನ್ನು ಇರಿಸಿಕೊಳ್ಳುವವರು ಈ ಸಂಗತಿಯನ್ನು ಮೊದಲೇ ಅರಿತಿದ್ದರೆ ಎಷ್ಟೋ ಮೀನುಗಳ ಪ್ರಾಣ ಉಳಿಯುತ್ತಿತ್ತು. ಅದನ್ನು ಕುರಿತೇ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹವಳದ ತೊಟ್ಟಿಯೆಂದರೆ ಚಿನ್ನದ ಮೀನುಗಳನ್ನು ಬಿಟ್ಟ ಸಾಮಾನ್ಯ ಗಾಜಿನ ಪೆಟ್ಟಿಗೆಯೆಂದು ತಿಳಿಯಬಾರದು. ಉಪ್ಪುನೀರು, ಕಡಲಕಲ್ಲು, ಆ ಕಲ್ಲಿಗೆ ಅಂಟಿ ಬೆಳೆಯುವ ಜೀವಂತ ಹವಳ, ಅದರ ಮೇಲೆ ದಿನಕ್ಕೆ ಎಂಟು ಹತ್ತು ಗಂಟೆಗಳ ಕಾಲ ಸುರಿಯುವ ಪ್ರಖರವಾದ ಬೆಳಕು, ನೀರನ್ನು ಸದಾ ಅಲುಗಿಸುತ್ತಿರುವ ಪಂಪು - ಇಷ್ಟೂ ಕೂಡಿದ ಒಂದು ಪುಟ್ಟ ಸಂಸಾರ ಅದು. ಅಮೆರಿಕ, ಜರ್ಮನಿ, ಜಪಾನು ಮೊದಲಾದ ದೇಶಗಳಲ್ಲಿ ಇದು ಬಹುಜನರ ಹವ್ಯಾಸ. ನಮ್ಮಲ್ಲಿ ೨೦೦೧ರಿಂದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯ ಪಡೆದಿವೆ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದು ಹವಳವನ್ನೂ ಅದರ ಸುತ್ತ ಮೇಯುವ ಮೀನನ್ನೂ ಕಣ್ತುಂಬ ನೋಡಬಹುದು. ಹವಳವನ್ನು ಮುರಿದು ಮನೆಗೆ ತರುವುದು ಅಪರಾಧ. ಆದ್ದರಿಂದ ನಾನು ಕೊಡುವ ನಿದರ್ಶನಗಳು ಹೆಚ್ಚಾಗಿ ಹೊರನಾಡಿನವು.

ತೊಟ್ಟಿಯನ್ನು ಹೂಡಿದ ಕೆಲವು ವಾರಗಳಲ್ಲಿಯೇ ಕಲ್ಲಿನ ಮೇಲೆ ಕಂದು ಬಣ್ಣದ ಧೂಳು ಕೂರುತ್ತದೆ. ಅದು ಹೋಯಿತೆನ್ನುವಷ್ಟರಲ್ಲಿ ಗಾಜಿಗೆ ಹಸಿರು ಪೊರೆ ಹತ್ತುತ್ತದೆ. ಆಮೇಲೆ ಕಲ್ಲಿನ ಸಂದುಗೊಂದುಗಳಿಂದ ಹಸಿರು ಕೂದಲು ಹೊರಡುತ್ತದೆ. ನೆಂಟರಿಗೆ ತೋರಿಸಬೇಕೆಂದು ಕೊಂಡ ಹವಳ ಕಾಣದಾಗುತ್ತದೆ. ಮನೆಯ ಯಜಮಾನರು ಅಂಗಡಿಗೆ ಧಾವಿಸಿ ‘ಪಾಚಿ ತಿನ್ನುವ ಮೀನೊಂದನ್ನು ಕೊಡಿ’ ಎನ್ನುತ್ತಾರೆ. ಅಂಗಡಿಯವನು ಕೊಟ್ಟೇ ಕೊಡುತ್ತಾನೆ. ದನದ ಜಾತ್ರೆಗೆ ಹೋಗಿ ‘ಗಿಡ ತಿನ್ನುವ ಪ್ರಾಣಿಯೊಂದನ್ನು ಕೊಡಿ’ ಎಂದು ಕೇಳಿದರೆ ಹೇಗಿದ್ದೀತು? ಎಮ್ಮೆಯೂ ಗಿಡ ತಿನ್ನುತ್ತದೆ, ಆನೆಯೂ ತಿನ್ನುತ್ತದೆ, ರೇಷ್ಮೆಯ ಹುಳುವೂ ತಿನ್ನುತ್ತದೆ. ಯಾವ ಗಿಡ, ಎಷ್ಟು ಗಿಡ, ಎಷ್ಟು ದೊಡ್ಡ ಹಿತ್ತಿಲು ಎಂಬುದನ್ನು ಹೇಳದೆ ಕೊಂಡುತಂದ ಪ್ರಾಣಿಯ ಗತಿಯೇನು?

ಪಾಚಿ ಏಕೆ ಬೆಳೆಯುತ್ತದೆಂಬುದನ್ನು ಮೊದಲು ನೋಡೋಣ. ಮೀನಿಗೆ ಹಾಕಿದ ಆಹಾರದಲ್ಲಿ ಉಳಿದದ್ದೂ ಮೀನು ವಿಸರ್ಜಿಸಿದ್ದೂ ಕೊಳೆತು ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಎಂಬ ಲವಣಗಳಾಗಿ ನಿಲ್ಲುತ್ತವೆ. ಇವು ಪಾಚಿಗೆ ಗೊಬ್ಬರ. ಮೇಲಿನಿಂದ ಬೆಳಕು, ಕೆಳಗಿನಿಂದ ಗೊಬ್ಬರ; ಇನ್ನೇನು ಬೇಕು? ಇದರಲ್ಲೊಂದು ವಿನೋದವೂ ಉಂಟು. ಹವಳವು ಪ್ರಾಣಿಯಾದರೂ ಅದರ ಹೊಟ್ಟೆ ತುಂಬುವುದು ಬಹುಮಟ್ಟಿಗೆ ತನ್ನ ಮೈಯೊಳಗೆ ಸಾಕಿಕೊಂಡಿರುವ ಸೂಕ್ಷ್ಮ ಪಾಚಿಗಳಿಂದ. ಆ ಪಾಚಿ ಸೂರ್ಯನ ಬೆಳಕಿನಲ್ಲಿ ಅಡಿಗೆ ಮಾಡಿ ಹವಳಕ್ಕೆ ಬಡಿಸುತ್ತದೆ. ಎಂದಮೇಲೆ ಹವಳದ ತೊಟ್ಟಿಯ ಒಡೆಯನು ಹಗಲೆಲ್ಲ ದೀಪ ಉರಿಸುವುದು ಒಂದು ಪಾಚಿಯನ್ನು ಬೆಳೆಸುವುದಕ್ಕೆ. ಮೀನು ತರುವುದು ಅದೇ ದೀಪದಲ್ಲಿ ಬೆಳೆದ ಇನ್ನೊಂದು ಪಾಚಿಯನ್ನು ಕೀಳಿಸುವುದಕ್ಕೆ.

ಮೇವುಗಾರನನ್ನು ತೊಟ್ಟಿಗೆ ಬಿಡುವ ಯೋಚನೆ ಹೊಸದಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಎರಡು ಪುಟ್ಟ ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯ ಎಂಬ ನೀರುಸಸ್ಯವನ್ನೂ ಒಂದೇ ಪಾತ್ರೆಯಲ್ಲಿಟ್ಟು, ಮೀನಿನ ಉಸಿರು ಗಿಡಕ್ಕೂ ಗಿಡದ ಉಸಿರು ಮೀನಿಗೂ ಒದಗುವುದನ್ನು ೧೮೫೦ರಲ್ಲಿ ವರದಿ ಮಾಡಿದ. ಆದರೆ ಕೊಳೆತ ಎಲೆಗಳಿಂದ ನೀರು ಬಗ್ಗಡವಾಗಿ ಪಾತ್ರೆಯ ಗೋಡೆಗೆ ಲೋಳೆ ಕಟ್ಟತೊಡಗಿತು. ಆಗ ಅವನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತುದನ್ನೂ ಲೋಳೆಯನ್ನೂ ತಿಂದು ನೀರನ್ನು ತಿಳಿಗೊಳಿಸಿದುವು. ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. ಇಂದು ನಾವು ಅಕ್ವೇರಿಯಂ ಎನ್ನುವ ವಸ್ತು ಬಸವನಹುಳುವಿನ ಬೆನ್ನೇರಿ ಬಂದಿತೆಂದರೂ ನಡೆದೀತು. ವಾರಿಂಗ್ಟನ್ನನ ಜಾಣ್ಮೆಯಿರುವುದು ತನ್ನ ಪಾತ್ರೆಯಲ್ಲಿ ಬೆಳೆದ ಕಶ್ಮಲ ಯಾವುದೆಂದು ನೋಡಿ ಅದನ್ನು ತಿನ್ನುವ ಬಾಯನ್ನು ಹುಡುಕಿದುದರಲ್ಲಿ.

ಅಂಥ ಬಾಯಿಗಳನ್ನೇ ಈಗ ಒಂದೊಂದಾಗಿ ನೋಡೋಣ. ಮೊದಲನೆಯದು ಬಾಚಣಿಗೆಯ ಬಾಯಿ. ಬ್ಲೆನ್ನಿ ಎಂಬುದೊಂದು ಮೀನಿದೆ. ಗೇಣಿಗಿಂತ ಚಿಕ್ಕದು, ಕಂದು ಮಚ್ಚೆಯ ಮೈ, ತಲೆಯ ಮೇಲೆ ಉಬ್ಬಿದ ಕಣ್ಣು. ಕಲ್ಲಿನ ಮೇಲೆ ಮೊಣಕೈಯೂರಿ ಕುಳಿತಂತೆ ಕುಳಿತು, ಬಂದುಹೋಗುವವರನ್ನು ಕಟ್ಟೆಯ ಮೇಲಿನ ಹಿರಿಯರಂತೆ ದಿಟ್ಟಿಸುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಇದಕ್ಕೆ ‘ಹುಲ್ಲು ಕತ್ತರಿಸುವ ಯಂತ್ರ’ ಎಂಬರ್ಥದ ಹೆಸರಿದೆ. ಹೆಸರು ಕೇಳಿ ಕೊಂಡವರಿಗೆ ನಿರಾಶೆ ಕಟ್ಟಿಟ್ಟದ್ದು. ಏಕೆಂದರೆ ಇದರ ತುಟಿಯಂಚಿನಲ್ಲಿರುವ ನವಿರಾದ ಹಲ್ಲಿನ ಸಾಲು ಕತ್ತರಿಸುವುದಕ್ಕೆ ಹೇಳಿ ಮಾಡಿಸಿದ್ದಲ್ಲ. ಕಲ್ಲಿನ ಮೇಲಿನ ತೆಳುಪೊರೆಯನ್ನೂ ಅದರಲ್ಲಿ ಸಿಕ್ಕಿಕೊಂಡ ಜೀವಕಣಗಳ ಕಸವನ್ನೂ ಕೆರೆದು ತೆಗೆಯುವುದು ಅದರ ಕೆಲಸ. ಬೆರಳುದ್ದ ಬೆಳೆದ ಹಸಿರು ಕೂದಲಿನ ನಡುವೆ ಅದನ್ನು ಬಿಟ್ಟರೆ ಸಮೃದ್ಧಿಯ ನಡುವೆ ಉಪವಾಸ ಬೀಳುತ್ತದೆ.

ಶಸ್ತ್ರವೈದ್ಯ ಮೀನುಗಳ ಕುಲದಲ್ಲಿಯೂ ಬಾಚಣಿಗೆಯ ಬಾಯಿಯ ಒಂದು ಶಾಖೆ ಉಂಟು. ಬಾಲದ ಬುಡದ ಎರಡು ಪಕ್ಕಗಳಲ್ಲಿಯೂ ಶಸ್ತ್ರಚಿಕಿತ್ಸಕನ ಅಲಗಿನಂಥ ಹರಿತವಾದ ಮುಳ್ಳಿರುವುದರಿಂದ ಈ ಕುಲಕ್ಕೆ ಆ ಹೆಸರು. ಹವಾಯಿ ದ್ವೀಪಗಳ ಜನ ‘ಕೋಲೆ’ ಎಂದು ಕರೆಯುವ ಮೀನು ಈ ಶಾಖೆಯದು. ಅದರ ಹಲ್ಲುಗಳು ಬಿರುಗೂದಲಿನಂತೆ ಬಾಗುತ್ತವೆ. ಕಲ್ಲಿನ ಮೇಲೆ ಮುತ್ತಿಟ್ಟಂತೆ ಬಾಯನ್ನು ಒತ್ತಿ ಕಂದು ಧೂಳನ್ನು ಗುಡಿಸಿ ನುಂಗುತ್ತದೆ. ಹೊಸ ತೊಟ್ಟಿಯ ಕಂದು ಧೂಳಿಗೂ ಗಾಜಿನ ಪೊರೆಗೂ ಇದಕ್ಕಿಂತ ಒಳ್ಳೆಯ ಕೆಲಸಗಾರನನ್ನು ನಾನು ಸೂಚಿಸಲಾರೆ.

ಎರಡನೆಯದು ಚಿಮುಟದ ಬಾಯಿ. ಹಳದಿ ಶಸ್ತ್ರವೈದ್ಯನ ಚಿತ್ರವನ್ನು ನೀವು ಕ್ಯಾಲೆಂಡರುಗಳಲ್ಲಿ ಕಂಡಿರಬಹುದು: ನಿಂಬೆಹಣ್ಣಿನ ಬಣ್ಣದ ತಟ್ಟೆಯಂಥ ಮೈ, ಮುಂದಕ್ಕೆ ಚಾಚಿದ ಮೂತಿ. ಆ ಮೂತಿಯನ್ನು ಹವಳದ ಕವಲುಗಳ ನಡುವೆ ತೂರಿಸಿ ಎಳೆಎಳೆಯಾದ ಹಸಿರು ಪಾಚಿಯನ್ನು ಹಿಡಿದು ಚಿವುಟುತ್ತದೆ. ಬೆಳಗಿನಿಂದ ಸಂಜೆಯವರೆಗೆ ಅದಕ್ಕೆ ಇದೇ ಉದ್ಯೋಗ. ಸೊಪ್ಪು ತಿನ್ನುವ ಪ್ರಾಣಿಗಳಂತೆ ಇದರ ಕುಲಕ್ಕೂ ಉದ್ದನೆಯ ಕರುಳು. ಕೆಂಪುಸಮುದ್ರದ ಕಂದು ಶಸ್ತ್ರವೈದ್ಯ ಮೀನಿನ ಕರುಳಿನಲ್ಲಿ ೧೯೮೫ರಲ್ಲಿ ವಿಜ್ಞಾನಿಗಳು ವರ್ಣಿಸಿದ ಒಂದು ಜೀವಿ, ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾದ್ದರಿಂದ, ಬ್ಯಾಕ್ಟೀರಿಯವಾಗಿರಲಾರದೆಂದೇ ಭಾವಿಸಿದ್ದರು. ಅದು ಬ್ಯಾಕ್ಟೀರಿಯವೇ ಎಂದು ೧೯೯೩ರಲ್ಲಿ ಸಿದ್ಧವಾಯಿತು. ದಿನವಿಡೀ ಹಸಿರು ಬಂದು ಬೀಳುವ ಕರುಳಿನಲ್ಲಿ ಮಾತ್ರ ನೆಲೆಸುವ ಇಂಥ ಒಕ್ಕಲುಗಳುಳ್ಳ ಮೀನಿನ ಕುಲಕ್ಕೆ ದಿನಕ್ಕೊಮ್ಮೆ ಸೀಗಡಿಯ ಚೂರನ್ನು ಎಸೆದು ಸಾಕಿದೆವೆನ್ನುವುದು ಎಷ್ಟರ ಮಟ್ಟಿನ ಸಾಕಣೆ?

ಮೂರನೆಯದು ಮೊಲದ ಬಾಯಿ. ಮೊಲಮೀನುಗಳ ಮೂತಿ ನಿಜವಾಗಿಯೂ ಮೊಲದಂತೆ ದುಂಡಗಿದ್ದು ಸದಾ ಏನನ್ನೋ ಮೆಲ್ಲುತ್ತಿರುವಂತೆ ಕಾಣುತ್ತದೆ. ಇವುಗಳಲ್ಲಿ ಕಪ್ಪು ಬಿಳುಪು ಪಟ್ಟೆಯ ಮುಖ, ಹಳದಿ ಮೈ ಉಳ್ಳದ್ದೊಂದಕ್ಕೆ ನರಿಮುಖವೆಂದು ಹೆಸರು. ನಾನು ಮೊದಲಿಗೆ ಹೇಳಿದ ಆಡಿಗೆ ಸಮೀಪದ್ದೇನಾದರೂ ಇದ್ದರೆ ಇದೇ. ಉಳಿದವು ಮೂಸಿ ನೋಡಿ ಬಿಟ್ಟ ಒರಟು ಪಾಚಿಯನ್ನೂ ಇದು ತಿಂದೀತು. ದ್ರಾಕ್ಷಿಯ ಗಾತ್ರಕ್ಕೆ ಬೆಳೆದರೂ ಒಂದೇ ಜೀವಕೋಶವಾಗಿರುವ ಗುಳ್ಳೆಪಾಚಿಯನ್ನು ಕೂಡ ಕೆಲವೊಮ್ಮೆ ಕಚ್ಚಿ ಒಡೆಯುತ್ತದೆ. ಹಸಿವಾದರೆ ಹವಳಕ್ಕೂ ಬಾಯಿ ಹಾಕೀತೆಂಬ ಭಯವಿದೆ. ಬೆನ್ನಿನ ಮುಳ್ಳುಗಳಲ್ಲಿ ವಿಷ. ತೊಟ್ಟಿಯೊಳಗೆ ಕೈಯಿಡುವಾಗ ಎಚ್ಚರವಿರಬೇಕು. ರಾತ್ರಿ ದೀಪ ಆರಿದ ಮೇಲೆ ಇದು ಹಳದಿ ಬಣ್ಣವನ್ನು ಕಳಚಿಟ್ಟು ಮಾಸಲು ಮಚ್ಚೆಗಳನ್ನು ಹೊದ್ದುಕೊಳ್ಳುತ್ತದೆ. ಮೊದಲ ಸಲ ಕಂಡವರು ಮೀನು ಸಾಯುತ್ತಿದೆಯೆಂದೇ ಗಾಬರಿಪಡುತ್ತಾರೆ.

ಗಿಳಿಮೀನು ಎಂಬ ಕೊಕ್ಕಿನ ಬಾಯಿಯವರು ಇನ್ನೊಂದು ಕುಲ. ಇವು ಸುಣ್ಣಗಲ್ಲನ್ನೇ ಕಚ್ಚಿ ಅರೆದು ಅದರ ಪಾಚಿಯನ್ನುಂಡು ಕಲ್ಲನ್ನು ಮರಳಾಗಿ ಹೊರಹಾಕುತ್ತವೆ. ಹವಳದ್ವೀಪಗಳ ಬಿಳಿಮರಳಿನ ದೊಡ್ಡ ಪಾಲು ಇವುಗಳ ಹೊಟ್ಟೆಯಿಂದ ಹಾದು ಬಂದುದು. ಮನೆಯ ತೊಟ್ಟಿಗೆ ಇವು ತಕ್ಕುವಲ್ಲ.

ಈ ಬಾಯಿಗಳ ಬೆಲೆ ತಿಳಿಯಬೇಕಾದರೆ ತೊಟ್ಟಿಯನ್ನು ಬಿಟ್ಟು ಸ್ವಲ್ಪ ಹೊತ್ತು ಕಡಲಿಗೆ ಹೋಗಬೇಕು. ವೆಸ್ಟ್ ಇಂಡೀಸಿನ ಜಮೈಕಾದ ಸುತ್ತ ಒಳ್ಳೆಯ ಹವಳದಿಬ್ಬಗಳಿದ್ದುವು. ಆದರೆ ಅಲ್ಲಿನ ಗಿಳಿಮೀನು, ಶಸ್ತ್ರವೈದ್ಯ ಮೀನುಗಳನ್ನು ಬೆಸ್ತರು ಬಹುಕಾಲದಿಂದ ಬುಟ್ಟಿಬಲೆಗಳಲ್ಲಿ ಹಿಡಿದು ಬರಿದುಮಾಡಿದ್ದರು. ಆದರೂ ಪಾಚಿ ತಲೆಯೆತ್ತಿರಲಿಲ್ಲ. ಏಕೆಂದರೆ ಉದ್ದ ಮುಳ್ಳುಗಳ ಕಪ್ಪು ಚೆಂಡಿನಂಥ ಅರ್ಚಿನ್ ಎಂಬ ಜೀವಿ ಅಲ್ಲಿ ಹೇರಳವಾಗಿದ್ದು ಮೀನುಗಳ ಕೆಲಸವನ್ನು ತಾನೊಂದೇ ನಿರ್ವಹಿಸುತ್ತಿತ್ತು. ೧೯೮೩ರಲ್ಲಿ ಪನಾಮದ ಕಡೆಯಿಂದ ಹಬ್ಬಿದ ರೋಗವೊಂದು ಒಂದು ವರ್ಷದ ಆಚೀಚೆಯಲ್ಲಿ ಕೆರಿಬಿಯನ್ ಕಡಲಿನ ಆ ಅರ್ಚಿನ್‌ಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಕೊಂದಿತು. ಮೇಯುವ ಬಾಯಿ ಒಂದೂ ಉಳಿಯಲಿಲ್ಲ. ೧೯೮೦ರ ಚಂಡಮಾರುತದಿಂದ ಮೊದಲೇ ಮುರಿದಿದ್ದ ಹವಳವು ಚೇತರಿಸಿಕೊಳ್ಳಬೇಕಾದ ಕಲ್ಲಿನ ಮೇಲೆಲ್ಲ ಪಾಚಿ ಆವರಿಸಿತು. ೧೯೭೭ರಲ್ಲಿ ಆ ದಿಬ್ಬಗಳ ನೂರು ಪಾಲಿನಲ್ಲಿ ೫೨ ಪಾಲು ಹವಳವೂ ೪ ಪಾಲು ಪಾಚಿಯೂ ಇದ್ದುದು, ೧೯೯೦ರ ದಶಕದ ಮೊದಲಲ್ಲಿ ೩ ಪಾಲು ಹವಳ, ೯೨ ಪಾಲು ಪಾಚಿ ಎಂಬಲ್ಲಿಗೆ ಬಂದಿತ್ತೆಂದು ಟೆರೆನ್ಸ್ ಹ್ಯೂಸ್ ಎಂಬ ವಿಜ್ಞಾನಿ ೧೯೯೪ರಲ್ಲಿ ಪ್ರಕಟಿಸಿದ. ಮನೆಯ ತೊಟ್ಟಿಯಲ್ಲಿ ನಾವು ಕಾಣುವ ಹಸಿರು ಕೂದಲು ಇದೇ ಕಥೆಯ ಚಿಕ್ಕ ಅಚ್ಚು: ಗೊಬ್ಬರವಿದೆ, ಬೆಳಕಿದೆ, ಬಾಯಿಯಿಲ್ಲ.

ಬಾಯಿಗಳಿದ್ದರೂ ಸಾಲದೆಂಬುದಕ್ಕೆ ಆಸ್ಟ್ರೇಲಿಯದ ಒಂದು ಪ್ರಯೋಗವನ್ನು ಹೇಳಬೇಕು. ಅಲ್ಲಿನ ಮಹಾಹವಳದಿಬ್ಬದ ಆರ್ಫಿಯಸ್ ದ್ವೀಪದ ಬಳಿ ಡೇವಿಡ್ ಬೆಲ್‌ವುಡ್ ಮತ್ತು ಜೊತೆಯವರು ಕೆಲವು ಜಾಗಗಳಿಗೆ ಪಂಜರ ಕಟ್ಟಿ ಮೂರು ವರ್ಷ ಮೀನು ನುಗ್ಗದಂತೆ ತಡೆದರು. ಸಾರ್ಗಾಸಮ್ ಎಂಬ ಒರಟು ಕಂದು ಪಾಚಿ ಪೊದೆಯಾಗಿ ಬೆಳೆದು ನಿಂತಿತು. ಆಮೇಲೆ ಪಂಜರ ತೆಗೆದು ಕ್ಯಾಮೆರಾ ಇಟ್ಟು ಕಾದರು. ಆ ಪ್ರದೇಶದಲ್ಲಿ ಸಸ್ಯಾಹಾರಿಗಳೆಂದು ಹೆಸರಾದ ೪೩ ಬಗೆಯ ಮೀನುಗಳಿದ್ದುವು. ಅವುಗಳಿಂದ ಹೇಳಿಕೊಳ್ಳುವಂಥ ಕೆಲಸವೇನೂ ಆಗಲಿಲ್ಲ. ಪೊದೆಯನ್ನು ತಿಂದು ಬಯಲು ಮಾಡಿದ್ದು ಅದುವರೆಗೆ ಹುಳುಹುಪ್ಪಟೆ ತಿನ್ನುವುದೆಂದೇ ಎಲ್ಲರೂ ತಿಳಿದಿದ್ದ ಬಾವಲಿಮೀನು! ೨೦೦೬ರಲ್ಲಿ ಇದು ಪ್ರಕಟವಾಯಿತು. ಎಳೆಯ ಚಿಗುರನ್ನು ಮೇಯುತ್ತ ಪೊದೆ ಏಳದಂತೆ ಕಾಯುವ ಬಾಯಿಯೇ ಬೇರೆ, ಎದ್ದು ನಿಂತ ಪೊದೆಯನ್ನು ಕಡಿಯುವ ಬಾಯಿಯೇ ಬೇರೆ. ತೊಟ್ಟಿಯಲ್ಲಿಯೂ ಹೀಗೆಯೇ. ಆದುದರಿಂದ ಕೂದಲು ಉದ್ದವಾಗಿ ಬೆಳೆದಿದ್ದರೆ ಮೊದಲು ಅದನ್ನು ಕೈಯಿಂದಲೇ ಕಿತ್ತು, ಕಲ್ಲನ್ನು ಉಜ್ಜಿ, ಮೊಳಕೆಯ ಮಟ್ಟಕ್ಕೆ ತಂದು, ಅನಂತರ ಮೇವುಗಾರನನ್ನು ಬಿಡಬೇಕು. ಮೀನು ಬಯಲನ್ನು ಕಾಯಬಲ್ಲುದು, ಕಾಡನ್ನು ಕಡಿಯಲಾರದು.

ಇನ್ನು ತೊಟ್ಟಿಯ ಅಳತೆ. ಬ್ಲೆನ್ನಿಗೆ ೧೨೦ ಲೀಟರಿನ ತೊಟ್ಟಿ ಸಾಕಾದೀತು. ಕೋಲೆ, ಹಳದಿ ಶಸ್ತ್ರವೈದ್ಯ, ನರಿಮುಖ ಇವೆಲ್ಲ ಬೆಳೆದಾಗ ಗೇಣುದ್ದ ಆಗುವಂಥವು, ದಿನವಿಡೀ ಈಜುವಂಥವು. ನಾಲ್ಕೈದು ಅಡಿ ಉದ್ದದ, ೪೦೦ ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿಯಿಲ್ಲದವರು ಇವುಗಳ ಆಸೆಯನ್ನು ಬಿಡುವುದು ಲೇಸು. ಅಂಗಡಿಯಲ್ಲಿ ಎರಡು ಅಂಗುಲದ ಮರಿಯನ್ನು ತೋರಿಸಿ ‘ಇದೇನು ಮಹಾ’ ಎನ್ನುತ್ತಾರೆ. ಕಡಲಿನಲ್ಲಿ ಹಳದಿ ಶಸ್ತ್ರವೈದ್ಯ ಮೂವತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಒಂದು ತಿಂಗಳ ಪಾಚಿಗಾಗಿ ಮೂವತ್ತು ವರ್ಷದ ಜೀವವನ್ನು ಮನೆಗೆ ತರುತ್ತೇವೆಂಬುದು ನೆನಪಿರಬೇಕು.

ಆ ಜೀವ ಎಲ್ಲಿಂದ ಬಂದಿತೆಂಬ ಪ್ರಶ್ನೆಯೂ ಉಂಟು. ದಶಕಗಳ ಕಾಲ ಲೋಕದ ಹಳದಿ ಶಸ್ತ್ರವೈದ್ಯಗಳಲ್ಲಿ ಬಹುಪಾಲು ಹವಾಯಿ ದ್ವೀಪದ ಪಶ್ಚಿಮ ತೀರವಾದ ಕೋನಾದಿಂದ ಬರುತ್ತಿದ್ದುವು. ಮೀನು ಕಡಿಮೆಯಾಯಿತೆಂಬ ಕೂಗೆದ್ದು, ೨೦೦೦ದ ಆರಂಭದಿಂದ ಆ ತೀರದ ಮೂರನೆಯ ಒಂದು ಭಾಗಕ್ಕೂ ತುಸು ಹೆಚ್ಚನ್ನು ಅಕ್ವೇರಿಯಂ ಬಲೆಗಾರರಿಗೆ ಮುಚ್ಚಲಾಯಿತು. ಮುಚ್ಚಿದ ಜಾಗಗಳಲ್ಲಿ ಮೀನು ಹೆಚ್ಚಿತು. ೨೦೧೭ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಪರಿಸರ ಪರಿಶೀಲನೆಯಾಗದೆ ಹಿಡಿಯುವ ಪರವಾನಗಿ ಸಲ್ಲದೆಂದು ತೀರ್ಪಿತ್ತಿತು. ಇದಕ್ಕೆ ಎರಡು ವರ್ಷ ಮೊದಲು, ೨೦೧೫ರಲ್ಲಿ, ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟಿನವರು ಈ ಮೀನನ್ನು ಮೊಟ್ಟೆಯಿಂದ ಮೊದಲ್ಗೊಂಡು ತೊಟ್ಟಿಯಲ್ಲಿಯೇ ಬೆಳೆಸಿದ್ದರು. ಮೊಟ್ಟೆಯೊಡೆದು ಬಂದ ಮರಿ ಸುಮಾರು ಎರಡು ತಿಂಗಳು ಗಾಜಿನ ಚೂರಿನಂತೆ ಪಾರದರ್ಶಕವಾಗಿ ತೇಲುತ್ತಿರುವುದರಿಂದ ಆ ಕೆಲಸ ಬಹು ಕಷ್ಟದ್ದಾಗಿತ್ತು. ಸಾಕಿ ಬೆಳೆಸಿದ ಮೀನಿಗೆ ಬೆಲೆ ಹೆಚ್ಚು. ಆದರೂ ಕೊಳ್ಳುವವರು ಅದನ್ನೇ ಕೇಳಬೇಕೆಂಬುದು ನನ್ನ ಅಭಿಪ್ರಾಯ. ಫಿಲಿಪೀನ್ಸಿನ ಕಡಲಿನಲ್ಲಿ ೧೯೬೦ರ ದಶಕದಿಂದ ನಡೆದುಬಂದ ಸಯನೈಡ್ ಬೇಟೆಯನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಹವಳದ ಸಂದಿಗೆ ವಿಷ ಚಿಮುಕಿಸಿ ಮೀನನ್ನು ಮೂರ್ಛೆಗೊಳಿಸಿ ಹಿಡಿಯುತ್ತಾರೆ. ಬೇಕಾದ ಮೀನೊಂದರ ಜೊತೆಗೆ ಬೇಡದ ಹವಳವೂ ಸಾಯುತ್ತದೆ.

ಮೀನನ್ನು ಆರಿಸಿಯಾಯಿತೆಂದುಕೊಳ್ಳೋಣ. ನೇರವಾಗಿ ಹವಳದ ತೊಟ್ಟಿಗೆ ಸುರಿಯಕೂಡದು. ಶಸ್ತ್ರವೈದ್ಯ ಕುಲಕ್ಕೆ ಬಿಳಿಚುಕ್ಕೆ ರೋಗ ಬಹು ಬೇಗ ತಗಲುತ್ತದೆ. ಅದಕ್ಕೆ ಬಲ್ಲವರು ಕೊಡುವ ಮದ್ದು ತಾಮ್ರ. ತಾಮ್ರವು ಹವಳಕ್ಕೂ ಬಸವನಹುಳುವಿಗೂ ಮೃತ್ಯು. ರೋಗ ಒಳಹೊಕ್ಕ ಮೇಲೆ ಅಲ್ಲಿಯೇ ಚಿಕಿತ್ಸೆ ಮಾಡುವಂತಿಲ್ಲವಾದ್ದರಿಂದ ನಾಲ್ಕರಿಂದ ಆರು ವಾರ ಬೇರೊಂದು ತೊಟ್ಟಿಯಲ್ಲಿ ಇಟ್ಟು ನೋಡಬೇಕು. ಇವು ಜಗಳಗಂಟ ಮೀನುಗಳೂ ಹೌದು. ತಮ್ಮದೇ ಆಕಾರದವರನ್ನು ಕಂಡರೆ ಬಾಲದ ಕತ್ತಿ ಬೀಸುತ್ತವೆ. ಒಂದು ತೊಟ್ಟಿಗೆ ಒಂದೇ ಸಾಕು, ಅದೂ ಸಾಧುಸ್ವಭಾವದ ಮೀನುಗಳೆಲ್ಲ ನೆಲೆಗೊಂಡ ಮೇಲೆ ಕೊನೆಯದಾಗಿ.

ಯಾವ ಮೀನೂ ಮೂಸದ ಕಶ್ಮಲವೂ ಇದೆ. ಕೆಂಪು ಲೋಳೆಯ ಹಾಳೆಯಂತೆ ಮರಳಿನ ಮೇಲೆ ಹಬ್ಬುವುದು ಪಾಚಿಯೇ ಅಲ್ಲ, ಒಂದು ಬಗೆಯ ಬ್ಯಾಕ್ಟೀರಿಯ. ಅದಕ್ಕೆ ಮೀನು ಹುಡುಕುವುದು ವ್ಯರ್ಥ. ನೀರನ್ನು ಬದಲಿಸಿ, ಆಹಾರ ತಗ್ಗಿಸಿ, ನೀರಿನ ಓಟವನ್ನು ಹೆಚ್ಚಿಸಬೇಕು. ಗಾಜಿನ ಪೊರೆಗೆ ವಾರಿಂಗ್ಟನ್ನನ ದಾರಿಯೇ ಇಂದಿಗೂ ಸರಿ: ಟ್ರೋಕಸ್, ಟರ್ಬೊ ಎಂಬ ಕಡಲ ಬಸವನಹುಳುಗಳು ಸದ್ದುಗದ್ದಲವಿಲ್ಲದೆ ಮೀನಿಗಿಂತ ಚೊಕ್ಕಟವಾಗಿ ಕೆಲಸ ಮಾಡುತ್ತವೆ. ಚಿಕ್ಕ ತೊಟ್ಟಿಯವರು ಅವುಗಳನ್ನೇ ನೆಚ್ಚುವುದು ಉತ್ತಮ.

ಕಿತ್ತ ಪಾಚಿಯನ್ನು ಎಲ್ಲಿ ಚೆಲ್ಲುತ್ತೇವೆಂಬುದು ಕೂಡ ಸಣ್ಣ ವಿಷಯವಲ್ಲ. ೧೯೮೪ರಲ್ಲಿ ಮೊನಾಕೊದ ಕಡಲ ವಸ್ತುಸಂಗ್ರಹಾಲಯದ ಕೆಳಗಿನ ನೀರಿನಲ್ಲಿ ಕಾಲರ್ಪ ಎಂಬ ಅಕ್ವೇರಿಯಂ ಪಾಚಿಯ ಒಂದು ಚಿಕ್ಕ ಮಡಿ ಕಂಡಿತು. ಅದರಲ್ಲಿರುವ ಕಹಿವಿಷದಿಂದಾಗಿ ಅಲ್ಲಿನ ಮೇವುಗಾರರಲ್ಲಿ ಹೆಚ್ಚಿನವರು ಬಾಯಿ ಹಾಕಲಿಲ್ಲ. ಅದು ಮೆಡಿಟರೇನಿಯನ್ ತಳದಲ್ಲಿ ಹಬ್ಬುತ್ತ ಹೋಯಿತು. ಅದೇ ಪಾಚಿ ೨೦೦೦ದಲ್ಲಿ ಕ್ಯಾಲಿಫೋರ್ನಿಯದ ಒಂದು ಹಿನ್ನೀರಿನಲ್ಲಿ ಕಾಣಿಸಿಕೊಂಡಾಗ ಅಲ್ಲಿಯವರು ಟಾರ್ಪಾಲು ಹೊದಿಸಿ ಕ್ಲೋರಿನ್ ಹಾಯಿಸಿ ಅದನ್ನು ಬೇರುಸಹಿತ ಅಳಿಸಲು ಆರು ವರ್ಷ ಹೆಣಗಬೇಕಾಯಿತು. ಕಿತ್ತ ಪಾಚಿಯನ್ನು ಒಣಗಿಸಿ ಕಸಕ್ಕೆ ಹಾಕಬೇಕು, ಹಳ್ಳಕೊಳ್ಳಕ್ಕಲ್ಲ. ಬೇಡವಾದ ಮೀನಿಗೂ ಇದೇ ಕಟ್ಟಳೆ: ಇನ್ನೊಂದು ತೊಟ್ಟಿಗೆ ದಾಟಿಸಬೇಕು, ಎಂದಿಗೂ ಕಡಲಿಗೆ ಬಿಡಬಾರದು.

ಕೊನೆಗೆ, ಮೀನು ತನ್ನ ಕೆಲಸವನ್ನು ಮಾಡಿ ಮುಗಿಸಿದ ಮೇಲಿನ ಮಾತು. ಕಲ್ಲು ಬೋಳಾಗಿ ಹವಳ ಹೊಳೆಯತೊಡಗಿದಾಗ ಮನೆಯವರಿಗೆ ಸಂತೋಷ. ಮೀನಿಗೆ ಅಂದಿನಿಂದ ಬರಗಾಲ. ತೊಟ್ಟಿಯ ಬ್ಲೆನ್ನಿಗಳು ಹೆಚ್ಚಾಗಿ ಸಾಯುವುದು ಪಾಚಿ ಇರುವಾಗಲ್ಲ, ಅದು ಮುಗಿದ ಎರಡು ಮೂರು ತಿಂಗಳಲ್ಲಿ. ಜಪಾನೀಯರು ಅನ್ನಕ್ಕೆ ಸುತ್ತುವ ನೋರಿ ಎಂಬ ಒಣಪಾಚಿಯ ಹಾಳೆ ಈಗ ದೊಡ್ಡ ಊರುಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಎಣ್ಣೆ, ಉಪ್ಪು, ಮಸಾಲೆ ಸವರದ ಹಾಳೆಯನ್ನು ಅಂಗೈಯಗಲ ಹರಿದು, ಬಟ್ಟೆ ಸಿಕ್ಕಿಸುವ ಕ್ಲಿಪ್ಪಿನಂಥದರಲ್ಲಿ ಗಾಜಿಗೆ ಸಿಕ್ಕಿಸಿದರೆ ಶಸ್ತ್ರವೈದ್ಯನೂ ನರಿಮುಖವೂ ಬೇಗನೆ ಬಂದು ಕಚ್ಚಿ ಎಳೆಯಲು ಕಲಿಯುತ್ತವೆ. ಬ್ಲೆನ್ನಿ ನಿಧಾನಿ, ಅದು ಕೂರುವ ಕಲ್ಲಿಗೇ ಹಾಳೆಯನ್ನು ಕಟ್ಟಿ ಕೆಲವು ದಿನ ಕಾಯಬೇಕು. ಬೆಳಿಗ್ಗೆ ದೀಪ ಹೊತ್ತಿದ ಕೂಡಲೇ ಮೀನಿನ ಹೊಟ್ಟೆಯನ್ನು ಪಕ್ಕದಿಂದ ನೋಡಿರಿ. ಅದು ಒಳಕ್ಕೆ ಸೇದಿಕೊಂಡಿದ್ದರೆ, ಕಲ್ಲಿನ ಮೇಲೆ ಎಷ್ಟೇ ಹಸಿರು ಕಾಣುತ್ತಿರಲಿ, ಅದು ಆ ಬಾಯಿಯ ಹಸಿರಲ್ಲ. ಅಂದೇ ಹಾಳೆಯನ್ನು ಕಟ್ಟಿರಿ.